ಎರಡು ಸಾವಿರ ಮಂದಿಗೆ ಒಂದೇ ಕೀಲಿ

ಮುತ್ತಲಗಟ್ಟಿಯಲ್ಲಿ ಎರಡು ಸಾವಿರದ ಮುನ್ನೂರ ಹನ್ನೊಂದು ಮಂದಿಯ ಪಾಸ್‌ವರ್ಡು ಒಂದೇ ಆಗಿದೆ ಎಂಬ ಸಂಗತಿ ರಾಜಧಾನಿಯ ಭದ್ರತಾ ಕಚೇರಿಯ ಕಣ್ಣಿಗೆ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಊರಿನ ಜನಸಂಖ್ಯೆಯೇ ನಾಲ್ಕು ಸಾವಿರ ಚಿಲ್ಲರೆ. ಯಾರೋ ಖದೀಮರು ಊರ ಸರ್ವರಿಗೆ ನುಗ್ಗಿ ಅರ್ಧ ಊರಿನ ಕೀಲಿ ಬದಲಿಸಿಬಿಟ್ಟಿದ್ದಾರೆ ಎಂದು ಕಚೇರಿಯವರಿಗೆ ಗಾಬರಿಯಾಯಿತು. ಹತ್ತು ಗಂಟೆಗೆ ಆದೇಶ ಬಂತು. ಮೂರು ಗಂಟೆಯ ರೈಲಿಗೆ ಒಬ್ಬ ಅಧಿಕಾರಿಯೂ ಬಂದಿಳಿದರು.

ಅಧಿಕಾರಿಯ ಹೆಸರು ಪ್ರಸನ್ನ ಹೆಬ್ಬಾರ. ಅವರು ಬಂದಾಗ ಸರ್ವರ್ ನೋಡಿಕೊಳ್ಳುವ ದಾನಮ್ಮ ಹಡಪದ ಟೇಬಲ್ಲಿನ ಮೇಲೆ ಕಾಗದ ಹರವಿಕೊಂಡು ಚುರುಮುರಿ ತಿನ್ನುತ್ತಿದ್ದಳು. ಹಿಂದೊಮ್ಮೆ ಹತ್ತಿಯ ಬೀಜ ಬಿಡಿಸುತ್ತಿದ್ದ ಜಿನ್ನಿನ ಕಟ್ಟಡ ಅದು. ಗೋಡೆ ಎರಡು ಮೊಳ ದಪ್ಪ, ಒಳಗೆ ಬೇಸಗೆಯಲ್ಲೂ ತಂಪು. ಹಾಗೆಂದೇ ಊರ ಸರ್ವರನ್ನು ಅಲ್ಲಿ ಇಟ್ಟಿದ್ದರು. ನಲವತ್ತು ವರ್ಷದ ದಾನಮ್ಮ ಅದನ್ನು ಸಾಕಿದ ಎಮ್ಮೆಯ ಹಾಗೆ ನೋಡಿಕೊಳ್ಳುತ್ತಿದ್ದಳು. ಹೊತ್ತಿಗೆ ಸರಿಯಾಗಿ ತಂಪು, ಹೊತ್ತಿಗೆ ಸರಿಯಾಗಿ ವಿದ್ಯುತ್ತು, ಮೈಮೇಲೆ ಧೂಳು ಕೂರದಂತೆ ಒಂದು ಬಟ್ಟೆ.

ಪಾಸ್‌ವರ್ಡು ಅಂದರೆ ಅಕ್ಷರ, ಅಂಕಿ, ನಡುವೆ ಒಂದು ನಕ್ಷತ್ರದ ಗುರುತು ಎಂದಿದ್ದ ಕಾಲ ಹೋಗಿ ಏಳು ವರ್ಷವಾಗಿತ್ತು. ಈಗಿನದು ನೆನಪಿನ ಕೀಲಿ. ಹಣೆಗೆ ಒಂದು ಪಟ್ಟಿ ಕಟ್ಟಿಕೊಂಡು, ಕಣ್ಣು ಮುಚ್ಚಿ, ಬದುಕಿನ ಅತ್ಯಂತ ಸಂತೋಷದ ಗಳಿಗೆಯೊಂದನ್ನು ನೆನೆಯಬೇಕು. ನೆನೆದಾಗ ತಲೆಯೊಳಗೆ ಸಾವಿರಾರು ಕಡೆ ಸಣ್ಣಗೆ ವಿದ್ಯುತ್ತು ಮಿನುಗುತ್ತದೆ. ಎಲ್ಲಿ ಮೊದಲು, ಎಲ್ಲಿ ಆಮೇಲೆ ಎಂಬ ಕ್ರಮವನ್ನು ಪಟ್ಟಿ ಬರೆದುಕೊಳ್ಳುತ್ತದೆ. ಒಬ್ಬೊಬ್ಬರ ತಲೆ ಒಂದೊಂದು ತರಹ ಇರುವುದರಿಂದ ಯಂತ್ರ ಎಲ್ಲವನ್ನೂ ಒಂದೇ ಅಳತೆಗೆ ಇಳಿಸಿಕೊಳ್ಳುತ್ತದೆ. ನೆನಪು ಯಾವುದೆಂದು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೆ ಕಾಣುವುದು ರಂಗೋಲಿಯ ಚುಕ್ಕಿಗಳು ಮಾತ್ರ. ಚುಕ್ಕಿ ಹೊಂದಿದರೆ ಮರುದಿನದವರೆಗೆ ಮನೆಯ ಬಾಗಿಲು, ಮಾತ್ರೆಯ ಪೆಟ್ಟಿಗೆ, ಪಿಂಚಣಿ, ಮದುವೆಯ ಫೋಟೊ ಎಲ್ಲವೂ ನಿಮ್ಮ ಮಾತು ಕೇಳುತ್ತವೆ. ಸಂತೋಷದ ನೆನಪೇ ಏಕೆ ಎಂದರೆ, ದುಃಖವನ್ನು ದಿನಾ ಬೆಳಿಗ್ಗೆ ಎದ್ದು ನೆನೆಯಲು ಯಾರೂ ಒಪ್ಪಲಿಲ್ಲ.

ಹೆಬ್ಬಾರರು ಚೀಲ ಕೆಳಗಿಡುವ ಮುಂಚೆಯೇ ಶುರು ಮಾಡಿದರು. "ನೋಡಿ ಮೇಡಂ, ಇಷ್ಟು ಜನರ ಕೀಲಿ ನೂರಕ್ಕೆ ತೊಂಬತ್ತರಷ್ಟು ಒಂದೇ ಥರ ಇದೆ. ತಾನಾಗೇ ಹೀಗಾಗೋಕೆ ಸಾಧ್ಯಾನೇ ಇಲ್ಲ. ಇನ್ನೊಂದು ವಿಚಾರ. ಸರ್ವರ್ ನೋಡಿಕೊಳ್ಳೋ ನಿಮ್ಮ ಕೀಲಿನೇ ಆ ಗುಂಪಿನಲ್ಲಿ ಇಲ್ಲ. ಯಾಕೆ?"

ದಾನಮ್ಮನಿಗೆ ಅನುಮಾನ ತನ್ನ ಮೇಲೇ ಬಂದಿದೆ ಎಂದು ಹೊಳೆಯಲು ಒಂದು ಕ್ಷಣ ಹಿಡಿಯಿತು. ಹೊಳೆದ ಕೂಡಲೇ ನಗು ಬಂತು. ಬಾಯಲ್ಲಿದ್ದ ಚುರುಮುರಿ ನೆತ್ತಿಗೇರಿ ಕೆಮ್ಮು ಬಂತು.

"ಯಾಕಂದ್ರ ನಾ ಬಸ್ಸಿನಾಗ ಇದ್ದೆರಿ," ಎಂದಳು.

"ಯಾವ ಬಸ್ಸು?"

"ನಡೀರಿ, ತೋರಸ್ತೀನಿ. ಕಳ್ಳನ್ನೂ ಹಿಡಿದು ಕೊಡ್ತೀನಿ."

ಎರಡು ಓಣಿ ದಾಟಿ ಒಂದು ಬೇವಿನ ಮರದ ಕೆಳಗೆ ಇಮಾಮಸಾಬ ನದಾಫರ ಮನೆ. ಒಂದು ಕಾಲಕ್ಕೆ ಬಸ್ಸು ಓಡಿಸುತ್ತಿದ್ದ ಎಂಬತ್ತು ವರ್ಷದ ಇಮಾಮಸಾಬರು ಕಟ್ಟೆಯ ಮೇಲೆ ಕೂತು ಹಳೆಯ ಕಾಲದ ರಬ್ಬರ್ ಹಾರ್ನೊಂದಕ್ಕೆ ಎಣ್ಣೆ ಸವರುತ್ತಿದ್ದರು. ದಾನಮ್ಮ ವಿಷಯ ಹೇಳಿದ್ದೇ ತಡ, ಮುದುಕರ ಮೀಸೆ ಅರಳಿತು.

"ಸಾಹೇಬ್ರ, ಕೂಡ್ರಿ. ಮೂವತ್ತೊಂದು ವರ್ಷದ ಹಿಂದಿನ ಮಾತು. ಸಾಲಿ ಹುಡುಗರನ್ನ ಆಟಕ್ಕಂತ ತಾಲ್ಲೂಕಿಗೆ ಒಯ್ದಿದ್ದೆ. ನಲವತ್ತಮೂರು ಮಂದಿ. ಹೊಳ್ಳಿ ಬರೂಮುಂದ ಹೊಳಿ ತುಂಬಿ ಬಂತು. ಸೇತುವಿ ಮುರಿದು ಹೋತು. ನಾ ಆಚೀ ದಂಡಿ ಹಳ್ಳಿಯೊಳಗ ಗಾಡಿ ಹಚ್ಚಿ ಕುಂತೆ. ಫೋನಿನ ಕಂಬ ಬಿದ್ದಿತ್ತು, ಸುದ್ದಿ ಹೆಂಗ ಮುಟ್ಟಸೋದು? ಇಲ್ಲಿ ಊರವರು ಬಸ್ಸು ಹೊಳ್ಯಾಗ ಹೋತು ಅಂತ ತಿಳಕೊಂಡ್ರು. ಯಾರ ಮನ್ಯಾಗೂ ಒಲಿ ಹಚ್ಚಲಿಲ್ಲ."

"ನಾವು ಅಲ್ಲಿ ಭಜಿ ತಿನ್ನಾಕತ್ತಿದ್ವಿ," ಎಂದಳು ದಾನಮ್ಮ. "ಆ ಊರವರು ಬಾಣಲಿ ಇಟ್ಟು ಬಿಸಿಬಿಸಿ ಉಳ್ಳಾಗಡ್ಡಿ ಭಜಿ ಕರದು ಹಾಕಿದ್ರು. ನಾ ಹನ್ನೊಂದು ತಿಂದೆ. ಒಂಬತ್ತು ವರ್ಷದಾಕಿ ನಾನು. ಅದೇರಿ ನನ್ನ ಕೀಲಿ."

"ಮರುದಿನ ಮೂವತ್ತು ಮೈಲು ಸುತ್ತು ಹಾಕ್ಕೊಂಡು ಬೆಳಿಗ್ಗಿ ಊರ ಹೊರಗಿನ ಏರಿ ಹತ್ತಿದೆ," ಎಂದು ಇಮಾಮಸಾಬರು ಹಾರ್ನನ್ನು ಎತ್ತಿದರು. "ಹತ್ತಿ ಇದನ್ನ ಹಿಚುಕಿದೆ."

ಪೋಂ, ಪೋಂ, ಪೋ‍ಂಓಂ.

ಓಣಿಯಲ್ಲಿ ನೀರು ಹೊತ್ತು ಹೋಗುತ್ತಿದ್ದ ಹೆಂಗಸು ಹಾಗೇ ನಿಂತಳು. ಎದುರು ಮನೆಯ ದರ್ಜಿ ಮಲ್ಲೇಶಪ್ಪ ಮಷಿನ್ನಿನ ಮೇಲಿಂದ ಕಾಲು ತೆಗೆದ. ಮೂರು ಬಾಗಿಲುಗಳಲ್ಲಿ ಮೂರು ಮುಖ ಕಾಣಿಸಿಕೊಂಡವು. ಎಲ್ಲರ ಮುಖದ ಮೇಲೂ ಒಂದೇ ನಗು, ಎಲ್ಲರ ಕಣ್ಣಲ್ಲೂ ಅಷ್ಟೇ ನೀರು.

ಏಳು ವರ್ಷದ ಹಿಂದೆ ನೆನಪಿನ ಕೀಲಿ ಬರೆಸಲು ಬಂದ ಜನ, ಹಣೆಗೆ ಪಟ್ಟಿ ಕಟ್ಟಿದ ಕೂಡಲೇ ನಾಚಿ ಕಲ್ಲಾಗಿದ್ದರಂತೆ. ಸಂತೋಷವಾದದ್ದು ನೆನೆಸಿಕೋ ಎಂದು ಗದರಿದರೆ ಯಾರಿಗೆ ತಾನೆ ನೆನಪಾದೀತು? ಆಗ ಇಮಾಮಸಾಬರು, ಪಾಪ, ಉಪಕಾರವಾಗಲಿ ಎಂದು ಜಿನ್ನಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಮೂರು ದಿನ ಹಾರ್ನು ಬಾರಿಸಿದ್ದರು. ಸಾಲು ಸರಸರ ಸಾಗಿತು. ಬಸ್ಸಿನಲ್ಲಿದ್ದವರು, ಆಮೇಲೆ ಹುಟ್ಟಿದವರು, ಹೊರಗಿನಿಂದ ಬಂದವರು ಬಿಟ್ಟು ಉಳಿದವರೆಲ್ಲ ಒಂದೇ ನೆನಪಿಗೆ ಕೀಲಿ ಹಾಕಿ ಮನೆಗೆ ಹೋದರು.

ಹೆಬ್ಬಾರರು ಕನ್ನಡಕ ತೆಗೆದು ಒರೆಸಿಕೊಂಡರು. ಕಳ್ಳನನ್ನು ಹಿಡಿಯಲು ಬಂದವರಿಗೆ ಕೈಗೆ ಸಿಕ್ಕಿದ್ದು ಒಂದು ಹಾರ್ನು. ಆದರೆ ಕಾನೂನು ಬಿಡಬೇಕಲ್ಲ.

"ಅಂದ್ರೆ ಈ ಊರಲ್ಲಿ ಯಾರ ಮನೆ ಯಾರು ಬೇಕಾದ್ರೂ ತೆಗೀಬಹುದು ಅಂತಾಯ್ತು," ಎಂದರು.

ಏಳು ವರ್ಷದಲ್ಲಿ ಯಾರೂ ತೆಗೆದಿರಲಿಲ್ಲ ಎಂಬುದು ಬೇರೆ ಮಾತು. ಲೆಕ್ಕಕ್ಕೆ ಅವರು ಹೇಳಿದ್ದು ಸರಿ, ಅದು ದಾನಮ್ಮನಿಗೂ ಗೊತ್ತಿತ್ತು. ಎಲ್ಲರ ಕೀಲಿಯನ್ನೂ ಒಟ್ಟಿಗೆ ಅಳಿಸಬೇಕು. ಗುರುವಾರ ಸಂಜೆ ಆರರೊಳಗೆ ಪ್ರತಿಯೊಬ್ಬರೂ ಹೊಸ ನೆನಪಿನ ಕೀಲಿ ಇಡಬೇಕು. ಅದು ಹಳೆಯದನ್ನಾಗಲಿ ಮತ್ತೊಬ್ಬರದನ್ನಾಗಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಹೋಲಬಾರದು. ಇಟ್ಟ ಅರ್ಧ ಗಂಟೆಗೆ ಅದೇ ಚುಕ್ಕಿಗಳನ್ನು ಇನ್ನೊಮ್ಮೆ ಮೂಡಿಸಿ ತೋರಿಸಬೇಕು.

"ತೋರಸಾಕ ಆಗದಿದ್ದವರು?" ಎಂದು ಕೇಳಿದಳು. ಉತ್ತರ ಗೊತ್ತಿದ್ದೂ ಕೇಳಿದಳು.

"ಅವರ ಹೆಸರು ಪಾಲಿತರ ಪಟ್ಟಿಗೆ, ಅಂದ್ರೆ ತಮ್ಮದನ್ನ ತಾವು ನೋಡಿಕೊಳ್ಳೋಕೆ ಆಗದವರ ಪಟ್ಟಿಗೆ ಹೋಗುತ್ತೆ. ಅವರ ಬಾಗಿಲು, ಪಿಂಚಣಿ ಎಲ್ಲ ಪಾಲಕರ ಕೈಗೆ. ಒಂದ್ಸಲ ಹೋದ್ರೆ ವಾಪಸ್ ಬರಲ್ಲ."

ದಾನಮ್ಮನ ನಗು ಅಲ್ಲಿಗೆ ನಿಂತಿತು.

ಅವಳು ಮನೆಯ ಓಣಿಗೆ ತಿರುಗಿದಾಗ ಐದೂವರೆ. ಅವ್ವ ಪಾರವ್ವ ಹೊಸ್ತಿಲ ಮೇಲೆ ಕೂತಿದ್ದಳು. ಮಗಳು ಕಣ್ಣಿಗೆ ಬಿದ್ದದ್ದೇ ಗೋಡೆ ಹಿಡಿದು ಎದ್ದು ನಿಂತಳು.

"ಬಂದ್ಯಾ ನನ್ನವ್ವಾ! ನೋಡ್ರೇ, ನನ್ನ ಮಗಳು ಬಂದ್ಲು!"

"ಬಂದೆ ಬೇ, ಬಂದೆ," ಎಂದು ದಾನಮ್ಮ ಚಪ್ಪಲಿ ಬಿಟ್ಟು ಒಳಗೆ ನಡೆದಳು. ಇದು ದಿನದ ಪಾಠ. ಮೊದಮೊದಲು ಓಣಿಯವರ ಮುಂದೆ ನಾಚಿಕೆಯಾಗುತ್ತಿತ್ತು, ಈಗ ಅಭ್ಯಾಸವಾಗಿತ್ತು.

ಆ ಮನೆಯಲ್ಲಿ ಇಬ್ಬರೇ. ಹನ್ನೆರಡು ವರ್ಷ ಹರಕೆ ಹೊತ್ತು ಮೂವತ್ತಾರನೆಯ ವಯಸ್ಸಿಗೆ ಹಡೆದ ಒಬ್ಬಳೇ ಮಗಳು ದಾನಮ್ಮ. ಪಾರವ್ವನಿಗೆ ಈಗ ಎಪ್ಪತ್ತಾರು. ನಾಲ್ಕು ವರ್ಷದಿಂದ ಮರೆವು ಶುರುವಾಗಿ, ಸತ್ತ ಗಂಡನ ಹೆಸರು, ತವರೂರಿನ ದಾರಿ, ಮುಂಜಾನೆ ಉಂಡ ರೊಟ್ಟಿ ಒಂದೊಂದೇ ಹೋಗಿದ್ದವು. ಉಳಿದದ್ದು ಹಾರ್ನು. ದಿನಾ ಬೆಳಿಗ್ಗೆ ಹಣೆಗೆ ಪಟ್ಟಿ ಕಟ್ಟಿಕೊಂಡು, ಕಣ್ಣು ಮುಚ್ಚಿ, ತುಟಿಯಲ್ಲೇ ಪೋಂ ಎಂದು, ಮಾತ್ರೆಯ ಪೆಟ್ಟಿಗೆ ಕಿರ್ ಎಂದು ತೆರೆದುಕೊಂಡಾಗ ಅವಳು ಸೊಂಟಕ್ಕೆ ಸಿಕ್ಕಿಸಿದ ಕೀಲಿಕೈ ಗೊಂಚಲನ್ನು ತಟ್ಟುವಳು. ಆ ಗೊಂಚಲಿನ ಬೀಗಗಳೆಲ್ಲ ಎಂದೋ ತುಕ್ಕು ಹಿಡಿದು ಹೋಗಿದ್ದವು. ಆದರೂ ಮಲಗುವಾಗಲೂ ಅವಳು ಅದನ್ನು ತೆಗೆದವಳಲ್ಲ. ಅತ್ತೆಯ ಕೈಯಿಂದ ಆ ಗೊಂಚಲು ಪಡೆಯಲು ಇಪ್ಪತ್ತು ವರ್ಷ ಕಾದಿದ್ದಳು.

"ಯವ್ವಾ, ನಿನ್ನ ಕೀಲಿ ನಾ ಇಟ್ಕೊಂಡ್ರ ನಡೀತದೇನು?" ಎಂದು ದಾನಮ್ಮ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದಳು.

ಪಾರವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಮಗಳ ಹೆಸರು ಆ ಗಳಿಗೆಗೆ ನೆನಪಿತ್ತೋ ಇಲ್ಲವೋ, ದನಿ ಮಾತ್ರ ಗಟ್ಟಿಯಾಗಿತ್ತು. "ನನ್ನ ಕೀಲಿಕೈ ನನ್ನ ಟೊಂಕದಾಗ ಇರಬೇಕು. ನಾ ಏನು ಸತ್ತೇನು?"

ಪಾಲಕಳಾಗುವುದು ತಾನೇ ಎಂಬುದು ದಾನಮ್ಮನಿಗೆ ಸಮಾಧಾನದ ವಿಷಯವಾಗಿರಲಿಲ್ಲ. ಅವ್ವನ ಸೊಂಟದಿಂದ ಗೊಂಚಲು ಕಿತ್ತುಕೊಳ್ಳುವ ಕೈ ತನ್ನದೇ ಆಗುತ್ತದಲ್ಲ ಎಂದು ಅವಳಿಗೆ ಸಂಕಟವಾಯಿತು.

ಮಂಗಳವಾರ ಬೆಳಿಗ್ಗೆ ಅಳಿಸುವ ಕೆಲಸ. ನಾಲ್ಕು ಸಾವಿರ ಹೆಸರಿನ ಉದ್ದನೆಯ ಪಟ್ಟಿ, ಹೆಸರಿಗೊಂದು ಸಾಲು. ಪಟ್ಟಿಯಿಂದ ಒಂದು ಸಾಲನ್ನು ತೆಗೆದುಬಿಟ್ಟರೆ ಆ ಒಂದು ಕೀಲಿ ಅಳಿಯದೆ ಉಳಿಯುತ್ತದೆ. ದಾನಮ್ಮನ ಬೆರಳು ಪಾರವ್ವನ ಹೆಸರಿನ ಹತ್ತಿರ ಬಂದು ನಿಂತಿತು.

"ಸರ್, ಎಲ್ಲಾರೂ ಬ್ಯಾರೆ ಕೀಲಿ ಇಟ್ರ, ಹಳೇದು ನಮ್ಮವ್ವಂದು ಒಂದೇ ಉಳೀತದಲ್ರೀ. ಆಗ ಅದು ಯಾರದ್ದನ್ನೂ ಹೋಲೂದಿಲ್ಲ."

ಹೆಬ್ಬಾರರು ತಲೆಯಲ್ಲಾಡಿಸಿದರು. "ಸರ್ವರಿನಲ್ಲಿ ಹೋಲಿಕೆ ಉಳಿಯಲ್ಲ ಮೇಡಂ, ನಿಜ. ಆದ್ರೆ ಎರಡು ಸಾವಿರದ ಮುನ್ನೂರ ಹತ್ತು ತಲೆಗಳಲ್ಲಿ ಆ ಹಾರ್ನು ಇದ್ದೇ ಇರುತ್ತಲ್ಲ. ಅಮ್ಮನ ಬಾಗಿಲು ಒಂದೇ ಊರಿಗೆಲ್ಲ ತೆರೆದ ಹಾಗಾಗುತ್ತೆ."

ಮಾತು ಖರೆ. ದಾನಮ್ಮ ಆ ಸಾಲನ್ನು ಪಟ್ಟಿಯಿಂದ ತೆಗೆಯದೆ ಗುಂಡಿ ಒತ್ತಿದಳು. ಹಸಿರು ಹೆಸರುಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬಿಳುಪಾದವು. ಮೂರು ದಿನದ ಮಟ್ಟಿಗೆ ಬಾಗಿಲು, ಪೆಟ್ಟಿಗೆ ತೆರೆಯಲು ಎಲ್ಲರಿಗೂ ಸಂಖ್ಯೆ ಬರೆದ ಒಂದೊಂದು ಕಾಗದದ ಚೀಟಿ ಸಿಕ್ಕಿತು.

ಆಮೇಲೆ ಮುತ್ತಲಗಟ್ಟಿಯಲ್ಲಿ ನಡೆದದ್ದನ್ನು ಹೇಳಲು ಒಂದು ಬಾಯಿ ಸಾಲದು. ಇಡೀ ಊರು ಕೆಲಸ ಬಿಟ್ಟು ತನ್ನ ಎರಡನೆಯ ಸಂತೋಷವನ್ನು ಹುಡುಕಲು ಕೂತಿತು. ಕಟ್ಟೆಯ ಮೇಲೆ, ಚಹಾದ ಅಂಗಡಿಯಲ್ಲಿ, ಬಾವಿಯ ದಂಡೆಯಲ್ಲಿ ಅದೇ ಮಾತು. ದರ್ಜಿ ಮಲ್ಲೇಶಪ್ಪ ಕಣ್ಣು ಮುಚ್ಚಿ ಅರ್ಧ ತಾಸು ಕೂತದ್ದನ್ನು ಕಂಡು ಅವನ ಹೆಂಡತಿ ಗಿರಿಜವ್ವ ಸೊಂಟಕ್ಕೆ ಕೈಯಿಟ್ಟಳು.

"ಇಷ್ಟು ಹುಡುಕೋದು ಏನೈತಿ? ನಮ್ಮ ಲಗ್ನ ಇಲ್ಲೇನು?"

"ಐತಿ ಐತಿ. ಅದರ ಹಿಂದಿನ ಸಾಲಿನಾಗ ಹುಡುಕಾಕತ್ತೀನಿ."

"ಹಿಂದಿನ ಸಾಲಿನಾಗ?"

ಆ ಹೊತ್ತು ಮಲ್ಲೇಶಪ್ಪನಿಗೆ ಮಧ್ಯಾಹ್ನದ ಊಟ ಚಹಾದ ಅಂಗಡಿಯಲ್ಲಾಯಿತು. ಸಂಜೆ ಅವನು ಲಗ್ನದ ನೆನಪನ್ನೇ ಬರೆಸಿದ. ಅಳೆದೂ ಸುರಿದೂ ಗಿರಿಜವ್ವ ಬರೆಸಿದ್ದು ಏನೆಂದರೆ, ಅತ್ತೆ ಒಮ್ಮೆ, ಒಂದೇ ಒಂದು ಸಲ, ಸಾರು ಚೆನ್ನಾಗಾಗಿದೆ ಎಂದದ್ದು. ಅದನ್ನು ಗಂಡನಿಗೆ ಹೇಳದಂತೆ ದಾನಮ್ಮನಿಂದ ಆಣೆ ಹಾಕಿಸಿಕೊಂಡಳು.

ಒಬ್ಬ ಪೈಲ್ವಾನ ತನ್ನ ಸಾಕಿದ ಕೋಳಿಯನ್ನು ನೆನೆದು ಅತ್ತ. ನಿವೃತ್ತ ಮಾಸ್ತರೊಬ್ಬರು ಎಂಟು ನೆನಪುಗಳನ್ನು ಕಾಗದದಲ್ಲಿ ಬರೆದು ತಂದು, ಯಾವುದನ್ನೂ ಬಿಡಲು ಮನಸ್ಸಾಗದೆ, ಮೂರು ಸಲ ಸಾಲಿನ ಹಿಂದಕ್ಕೆ ಹೋಗಿ ನಿಂತರು. ಇಮಾಮಸಾಬರಿಗೆ ಹಾರ್ನು ಮುಟ್ಟಬಾರದೆಂದು ಕಟ್ಟಪ್ಪಣೆಯಾಗಿತ್ತು. ಅವರು ಸುಮ್ಮನೆ ಸ್ಟೂಲಿನ ಮೇಲೆ ಕೂತು, ಬಂದವರಿಗೆ ಬೆಲ್ಲ ನೀರು ಕೊಟ್ಟರು. ತಮಗೆ ಇಷ್ಟೆಲ್ಲ ಸಂತೋಷವಾಗಿತ್ತೇ ಎಂದು ಜನಕ್ಕೇ ಆಶ್ಚರ್ಯ. ಸಂತೋಷವನ್ನೂ ಹೊಲದ ಬದುವಿನ ಹಾಗೆ ವರ್ಷಕ್ಕೊಮ್ಮೆ ಹೋಗಿ ನೋಡಿಕೊಂಡು ಬರಬೇಕು, ಇಲ್ಲದಿದ್ದರೆ ತನ್ನದೆಂಬುದೇ ಮರೆತು ಹೋಗುತ್ತದೆ.

ಹೆಬ್ಬಾರರು ಕೂಡ ಬುಧವಾರ ಮಧ್ಯಾಹ್ನದ ಹೊತ್ತಿಗೆ ಟೈ ಬಿಚ್ಚಿ ಜೇಬಿಗಿಟ್ಟಿದ್ದರು.

ಪಾರವ್ವನದು ಮಾತ್ರ ಬಗೆಹರಿಯಲಿಲ್ಲ. ಮಂಗಳವಾರ ಸಂಜೆ ಮನೆಯಲ್ಲಿ ದಾನಮ್ಮ ಅವಳ ಲಗ್ನದ ಫೋಟೊ ತೋರಿಸಿದಳು. "ಯಾರಿದು? ಚೆಂದ ಅದಾಳ," ಎಂದಳು ಪಾರವ್ವ. ಬುಧವಾರ ಸೇಂಗಾ ಹೋಳಿಗೆ ಮಾಡಿ ತಿನ್ನಿಸಿದಳು. ರುಚಿಯಾಗಿದೆ ಎಂದು ಎರಡು ತಿಂದು, ಅರ್ಧ ಗಂಟೆಗೆ ಮರೆತಳು. ಏನೇ ಮಾಡಿದರೂ ಪಟ್ಟಿ ಕಟ್ಟಿದ ಕೂಡಲೇ ತುಟಿ ಪೋಂ ಎನ್ನುತ್ತಿತ್ತು. ಪರದೆಯ ಮೇಲೆ ಹಳೆಯ ಚುಕ್ಕಿಗಳೇ ಮೂಡುತ್ತಿದ್ದವು. ಹಳೆಯ ಕೀಲಿ, ನಡೆಯುವುದಿಲ್ಲ ಎಂದು ಯಂತ್ರ ಹೇಳುತ್ತಿತ್ತು.

ಗುರುವಾರ ನಾಲ್ಕು ಗಂಟೆಗೆ ಇಡೀ ಪಟ್ಟಿ ಹಸಿರಾಗಿ ಒಂದೇ ಒಂದು ಸಾಲು ಬಿಳಿಯದಾಗಿ ಉಳಿದಿತ್ತು. ದಾನಮ್ಮ ಅವ್ವನ ಕೈ ಹಿಡಿದು ಜಿನ್ನಿಗೆ ಕರೆತಂದಳು. ಸುದ್ದಿ ತಿಳಿದು ಊರವರು ಒಬ್ಬೊಬ್ಬರೇ ಅಂಗಳದಲ್ಲಿ ಸೇರಿದರು.

ಒಳಗೆ ಹೆಬ್ಬಾರರು ತಾವೇ ಪಟ್ಟಿ ಕಟ್ಟಿದರು. "ಅಮ್ಮಾ, ಚಿಕ್ಕವರಿದ್ದಾಗ ಏನಾದ್ರೂ ಆಟ ಆಡಿದ್ದು ನೆನಪಿದೆಯಾ?" ಎಂದು ಮಗುವನ್ನು ಕೇಳುವ ಹಾಗೆ ಕೇಳಿದರು. ಹಳೆಯ ಚುಕ್ಕಿ. ತವರಿನ ಎತ್ತಿನ ಹೆಸರು ಹೇಳಿ ನೋಡಿದಳು ದಾನಮ್ಮ. ಹಳೆಯ ಚುಕ್ಕಿ. ಗಡಿಯಾರ ಐದು ದಾಟಿತು. ಪಾರವ್ವ ದಣಿದು, ಎಲ್ಲಿದ್ದೇನೆಂದು ತಿಳಿಯದೆ, ಸೊಂಟದ ಗೊಂಚಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆ ಮುಷ್ಟಿಯನ್ನು ನೋಡಲಾಗದೆ ದಾನಮ್ಮ ಹೊರಗೆ ಬಂದಳು. ಅಂಗಳದ ನಲ್ಲಿಯ ಕೆಳಗೆ ತಲೆ ಬಗ್ಗಿಸಿ ಮುಖ ತೊಳೆದಳು. ಅತ್ತದ್ದು ಯಾರಿಗೂ ತಿಳಿಯಬಾರದೆಂದು ಎರಡು ಸಲ ತೊಳೆದಳು. ಇಮಾಮಸಾಬರು ತಮ್ಮ ಹೆಗಲ ಟವೆಲ್ಲು ಕೊಟ್ಟರು.

"ಆಗಲಿಲ್ಲೇನು ತಂಗಿ?"

"ಇಲ್ರೀ ಕಾಕಾ. ಹೋಗಿ ಆಕಿ ಹಣಿ ಪಟ್ಟಿ ಬಿಚ್ಚತೀನಿ. ಸಾಕು ಮಾಡ್ತೀನಿ, ಪಾಪ ದಣದಾಳ."

ಮುಖ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಅವಳು ಬಾಗಿಲು ತಳ್ಳಿ ಒಳಗೆ ಕಾಲಿಟ್ಟಳು. ಸಮಯ ಐದೂ ಇಪ್ಪತ್ತು. ಐದು ನಿಮಿಷದ ಹಿಂದೆ ಮಗಳು ಪಕ್ಕದಲ್ಲೇ ಕೂತಿದ್ದದ್ದು ಪಾರವ್ವನಿಗೆ ಮರೆತು ಹೋಗಿತ್ತು. ಬಾಗಿಲಲ್ಲಿ ನಿಂತವಳನ್ನು ಕಂಡು ಅವಳು ಕುರ್ಚಿ ಹಿಡಿದು ಎದ್ದಳು.

"ಬಂದ್ಯಾ ನನ್ನವ್ವಾ! ನೋಡ್ರೇ, ನನ್ನ ಮಗಳು ಬಂದ್ಲು!"

ಪರದೆಯ ಮೇಲೆ ಚುಕ್ಕಿಗಳು ಒಮ್ಮೆಲೇ ತುಂಬಿಕೊಂಡವು. ಹೆಬ್ಬಾರರು ಕುರ್ಚಿಯಿಂದ ಹಾರಿ ಎದ್ದರು.

"ಏನಾಯ್ತು? ಈಗೇನಾಯ್ತು ಮೇಡಂ? ಹೊಸದು! ಇದು ಹೊಸದು!"

ದಾನಮ್ಮ ಓಡಿ ಬಂದು ನೋಡಿದಳು. ಹಳೆಯದಕ್ಕೆ ಹೋಲಿಕೆ ನೂರಕ್ಕೆ ಮೂವತ್ತನಾಲ್ಕು. ಅವಳಿಗೆ ನಂಬಿಕೆ ಬರಲಿಲ್ಲ. ಅಂದು ಬಸ್ಸಿನಿಂದ ಇಳಿದವಳೂ ತಾನೇ, ಇಂದು ಬಾಗಿಲಿಗೆ ಬಂದವಳೂ ತಾನೇ. ಎರಡೂ ಒಂದೇ ಆಗಬೇಕಿತ್ತಲ್ಲ?

ಹೆಬ್ಬಾರರು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ಹಳೆಯದರ ಕೆಳಗೆ ಕಪ್ಪಾಗಿ ಒತ್ತಿದ ಚುಕ್ಕಿಗಳ ದೊಡ್ಡದೊಂದು ಗುಂಪಿತ್ತು. ಹೊಸದರಲ್ಲಿ ಆ ಜಾಗ ಖಾಲಿ.

"ಇದು ಭಯದ ಜಾಗ," ಎಂದು ಅವರು ಬೆರಳಿಟ್ಟು ತೋರಿಸಿದರು. ಅವರ ದನಿ ಮೆತ್ತಗಾಗಿತ್ತು. "ಹಾರ್ನಿನ ನೆನಪಲ್ಲಿ ಹಿಂದಿನ ರಾತ್ರಿ ಅತ್ತಿದ್ದೂ ಸೇರಿಕೊಂಡಿದೆ. ಊರಲ್ಲಿ ಎಲ್ಲರ ಕೀಲಿಯಲ್ಲೂ ಇತ್ತು ಅದು. ಈಗಿನದ್ರಲ್ಲಿ ಅಳುವೇ ಇಲ್ಲ. ಬರೀ ಸಂತೋಷ."

ಆದರೆ ಅರ್ಧ ಗಂಟೆಯ ಪರೀಕ್ಷೆ ಬಾಕಿಯಿತ್ತು. ದಾನಮ್ಮ ಹೊರಗೆ ಹೋಗಿ ನಿಂತಳು. ಅಂಗಳದಲ್ಲಿ ಸುದ್ದಿ ಹಬ್ಬಿ, ಊರೆಲ್ಲ ಉಸಿರು ಬಿಗಿಹಿಡಿದು ಗಡಿಯಾರ ನೋಡಿತು. ಮೂವತ್ತು ನಿಮಿಷ ಅಷ್ಟು ಉದ್ದವಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಐದೂ ಐವತ್ತಕ್ಕೆ ಗಿರಿಜವ್ವ ಅವಳ ಬೆನ್ನು ತಟ್ಟಿ, "ಹೋಗವಾ, ಮನಿಗೆ ಹೋದಂಗ ಹೋಗು," ಎಂದಳು.

ಬಾಗಿಲು ತೆರೆಯಿತು.

"ಬಂದ್ಯಾ ನನ್ನವ್ವಾ!"

ಅವೇ ಚುಕ್ಕಿಗಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಕೊನೆಯ ಸಾಲು ಹಸಿರಾಯಿತು.

ಹೆಬ್ಬಾರರು ನಗುತ್ತ ಕಣ್ಣೊರೆಸಿಕೊಂಡರು. ಆದರೂ ಸರ್ಕಾರದ ಉಪ್ಪು ತಿಂದ ನಾಲಿಗೆ ಸುಮ್ಮನಿರಲಿಲ್ಲ. "ಮೇಡಂ, ಊರಲ್ಲಿ ಇದೊಂದೇ ಕೀಲಿ ನೆನಪಿಟ್ಟುಕೊಳ್ಳೋ ಅಗತ್ಯವೇ ಇಲ್ಲದ್ದು. ಮರೆತಷ್ಟೂ ಗಟ್ಟಿ. ಆದ್ರೆ ಒಂದು ತೊಂದರೆ ಇದೆ. ನೀವು ದಿನಾ ಮನೆಗೆ ಬರಲೇಬೇಕಾಗುತ್ತೆ."

"ನಾ ದಿನಾ ಬರತೀನ್ರೀ," ಎಂದಳು ದಾನಮ್ಮ. ಅವ್ವನ ಹಣೆಯ ಪಟ್ಟಿ ಬಿಚ್ಚಿದಳು.

"ಏನಾತು?" ಎಂದು ಕೇಳಿದಳು ಪಾರವ್ವ.

"ನಿನ್ನ ಕೀಲಿಕೈ ನಿನಗ ಉಳೀತು ಬೇ."

"ಅದೇನು ಹೊಸಾದು? ನನ್ನ ಹತ್ರಾನೇ ಐತೆಲ್ಲ," ಎಂದು ಪಾರವ್ವ ಸೊಂಟ ತಟ್ಟಿ ತೋರಿಸಿದಳು.

ಅಂಗಳದಲ್ಲಿ ಇಮಾಮಸಾಬರಿಗೆ ತಡೆಯಲಾಗಲಿಲ್ಲ. ಕಟ್ಟಪ್ಪಣೆ ಮುಗಿದಿತ್ತು. ಮೂರು ದಿನ ಅಂಗಿಯ ಕೆಳಗೆ ಬಚ್ಚಿಟ್ಟಿದ್ದ ಹಾರ್ನನ್ನು ತೆಗೆದು ಹಿಚುಕಿದರು. ಊರಿಗೆ ಊರೇ ಕೇಕೆ ಹಾಕಿತು. ಇನ್ನು ಆ ಹಾರ್ನಿಗೆ ಯಾವ ಬಾಗಿಲೂ ತೆರೆಯುವುದಿಲ್ಲ. ಬರೀ ಕೇಳಿ ಕುಣಿಯಲು ಅದು ಮತ್ತೆ ಊರಿನದಾಯಿತು.

ಮರುದಿನ ಶುಕ್ರವಾರ. ದಾನಮ್ಮ ಕೆಲಸ ಮುಗಿಸಿ ಓಣಿಯ ತಿರುವಿಗೆ ಬಂದು ನಿಂತಳು. ನಾಲ್ಕು ವರ್ಷ ಈ ತಿರುವಿನಿಂದ ತಲೆ ತಗ್ಗಿಸಿ ಸರಸರ ನಡೆದಿದ್ದಳು. ಇವತ್ತು ಸೆರಗಿನಿಂದ ಮುಖ ಒರೆಸಿಕೊಂಡಳು, ಕೂದಲು ಹಿಂದಕ್ಕೆ ಸರಿಸಿಕೊಂಡಳು, ಲಗ್ನಕ್ಕೆ ಹೊರಟವಳ ಹಾಗೆ ಸೀರೆಯ ನೆರಿಗೆ ತಟ್ಟಿಕೊಂಡಳು. ಆಮೇಲೆ ನಿಧಾನಕ್ಕೆ ನಡೆದಳು.

ಹಣೆಗೆ ಪಟ್ಟಿ ಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತಿದ್ದ ಪಾರವ್ವ ಗೋಡೆ ಹಿಡಿದು ಎದ್ದಳು.

"ಬಂದ್ಯಾ ನನ್ನವ್ವಾ! ನೋಡ್ರೇ, ನನ್ನ ಮಗಳು ಬಂದ್ಲು!"

"ಬಂದೆ ಬೇ!" ಎಂದು ದಾನಮ್ಮ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಪಾರವ್ವನ ಹಿಂದೆ ಒಳಗೋಡೆಯಲ್ಲಿ ಮಾತ್ರೆಯ ಪೆಟ್ಟಿಗೆ ಕಿರ್ ಎಂದು ತೆರೆದುಕೊಂಡಿತು.